ನಾಲ್ಕು ಗಂಟೆಯ ದೋಣಿ

“ತಂಗಿಯ ಮೇಲಿನ ಸಿಟ್ಟು ಹೋಗಿ ಮೂರು ವರ್ಷವಾಯಿತು. ಆದರೂ ಅವಳು ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಈಗ ತಪ್ಪು ಯಾರದು, ಗುರುಗಳೇ?” ಎಂದು ಹೊನ್ನೇಶ ಕೇಳಿದ.

ಹೊನ್ನೇಶ ಬಟ್ಟೆ ಹೊಲಿಯುವವನು. ಊರಿನ ವಾಚನಾಲಯದಲ್ಲಿ ಆರಾಧ್ಯ ಗುರುಗಳು ಅಂಗಡಿಯವರಿಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿಸುತ್ತಿದ್ದರು. ಅವನೂ ಅಲ್ಲಿಗೆ ಬರುತ್ತಿದ್ದ. ಅಂದಿನ ಪಾಠ ಮುಗಿದು ಉಳಿದವರು ಎದ್ದು ಹೋಗಿದ್ದರು. ಅಪ್ಪನ ತಿಥಿಯ ದಿನ ತಂಗಿ ಆಡಿದ ಒಂದು ಮಾತಿಗೆ ಅವನು ಮುನಿದು, ಇನ್ನು ನನ್ನ ಮನೆಗೆ ಬರಬೇಡ ಎಂದದ್ದು ಗುರುಗಳಿಗೂ ಗೊತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದೋಣಿಗಾರನಿದ್ದ. ಜನರನ್ನು ಹೊಳೆ ದಾಟಿಸುವುದು ಅವನ ಕೆಲಸ. ದೋಣಿ ಬಿಡುವ ಹೊತ್ತು ತಿಳಿಯಲೆಂದು ಅವನೇ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದ. ಕೊನೆಯ ದೋಣಿ ಐದೂವರೆಗೆ ಎಂದು ಅದರಲ್ಲಿತ್ತು.

ಆ ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟಿನವರು ಮಧ್ಯಾಹ್ನವೇ ನೀರು ನಿಲ್ಲಿಸುತ್ತಿದ್ದರಿಂದ ದಿನವೂ ಸಂಜೆಯಾಗುವ ಮೊದಲೇ ಹೊಳೆ ಇಳಿಯತೊಡಗಿತು. ನಾಲ್ಕರ ಮೇಲೆ ಹೊರಟರೆ ದೋಣಿ ಕೆಸರಿನಲ್ಲಿ ಕೂರುತ್ತಿತ್ತು. ಅವನು ಪುಟವನ್ನು ತೆರೆದು ಐದೂವರೆ ಎಂದಿದ್ದುದನ್ನು ನಾಲ್ಕು ಎಂದು ತಿದ್ದಿದ. ಮರುದಿನವೂ ಜನ ಐದೂವರೆಗೇ ಬಂದರು.

“ಬರೆದು ಹಾಕಿದ್ದೇನಲ್ಲ! ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರಾ?” ಎಂದು ಅವನು ರೇಗಿದ.

“ನೀನು ಬರೆದದ್ದನ್ನು ಓದಿಯೇ ಬಂದದ್ದು ಮಾರಾಯ,” ಎಂದು ಅವರು ಬೈದರು.

ದೋಣಿಗಾರ ಪುಟವನ್ನು ಮತ್ತೆ ತೆರೆದ. ನಾಲ್ಕು ಎಂದೇ ಇತ್ತು. ಅಕ್ಷರವನ್ನು ದೊಡ್ಡದು ಮಾಡಿದ. ಕೆಂಪು ಬಣ್ಣ ಕೊಟ್ಟ. ಫೋನು ಅಪ್‌ಡೇಟ್ ಕೇಳಿದಾಗ ಅದನ್ನೂ ಮಾಡಿದ. ನೋಡಿದಾಗಲೆಲ್ಲ ಅವನ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಊರವರಿಗೇ ಓದಲು ಬರುವುದಿಲ್ಲ ಎಂದುಕೊಂಡ.

ಹೊನ್ನೇಶ ನಕ್ಕುಬಿಟ್ಟ. “ಎಂಥ ಪೆದ್ದ! ಒಂದು ಸಲ ಬೇರೆಯವರ ಫೋನಿನಲ್ಲಿ ನೋಡಬಾರದಿತ್ತೇ?”

ಗುರುಗಳು ನಗಲಿಲ್ಲ. ಕತೆ ಮುಂದುವರಿಸಿದರು.

ಒಂದು ಸಂಜೆ ಐದಕ್ಕೆ ಒಬ್ಬ ಹೆಂಗಸು ಹೊಳೆಯ ದಡಕ್ಕೆ ಬಂದಳು. ಆಚೆ ದಡದ ಊರಿನಲ್ಲಿ ಅವಳ ಅಣ್ಣನಿಗೆ ಉಸಿರು ಕಟ್ಟುತ್ತಿತ್ತು. ದೋಣಿ ಹೋಗಿ ಒಂದು ಗಂಟೆಯಾಗಿತ್ತು. ರಸ್ತೆಯಲ್ಲಿ ಸುತ್ತು ಹಾಕಿ ಅವಳು ಊರು ಮುಟ್ಟುವಷ್ಟರಲ್ಲಿ ಬೆಳಗಾಯಿತು. ಜೀವ ಹೋಗುವ ಮುನ್ನ ಅಣ್ಣ ಅವಳ ಹೆಸರು ಹಿಡಿದು ಎರಡು ಸಲ ಕೇಳಿದ್ದನಂತೆ.

ಹನ್ನೊಂದು ದಿನ ಕಳೆದ ಮೇಲೆ ಅವಳು ದೋಣಿಗಾರನನ್ನು ಹುಡುಕಿಕೊಂಡು ಬಂದಳು. ಬೈಯಲಿಲ್ಲ. ತನ್ನ ಫೋನನ್ನು ಮುಂದೆ ಹಿಡಿದಳು. ಅದರಲ್ಲಿ ಐದೂವರೆ ಎಂದಿತ್ತು. ಅವನು ತನ್ನದನ್ನು ತೆಗೆದ. ಅದರಲ್ಲಿ ನಾಲ್ಕು ಎಂದಿತ್ತು.

“ನೀವು ತಿದ್ದುವ ಪುಟವನ್ನೇ ನೋಡುತ್ತಿದ್ದೀರಿ, ಅಣ್ಣ. ಅದು ನಮಗೆ ಕಾಣುವುದಿಲ್ಲ. ಲಾಗ್‌ಔಟ್ ಆಗಿ, ನಮ್ಮ ಹಾಗೆ ಹೊರಗಿನಿಂದ ನೋಡಿ,” ಎಂದಳು.

ಅವನು ಹಾಗೆಯೇ ಮಾಡಿದ. ಕೆಂಪು ಅಕ್ಷರ ಹೋಯಿತು. ಹಳೆಯ ಐದೂವರೆ ಅವನ ಕೈಯಲ್ಲೇ ಕಾಣಿಸಿಕೊಂಡಿತು. ಅವನು ತಿದ್ದಿದ್ದೆಲ್ಲ ಕರಡಿನಲ್ಲೇ ಉಳಿದಿತ್ತು. ಎಲ್ಲರಿಗೂ ಕಾಣುವಂತೆ ಮಾಡಲು ‘ಪ್ರಕಟಿಸಿ’ ಎಂಬ ಗುಂಡಿಯನ್ನು ಒತ್ತಬೇಕಿತ್ತು. ನಾಲ್ಕು ಎಂದು ತಿದ್ದಿದ ಮೇಲೆ ಅವನು ಒಂದು ದಿನವೂ ಅದನ್ನು ಒತ್ತಿರಲಿಲ್ಲ.

ದೋಣಿಗಾರ ಮತ್ತೆ ಲಾಗಿನ್ ಆಗಿ ಗುಂಡಿಯನ್ನು ಹುಡುಕಿದ. ಅವಳೇ ಅದನ್ನು ತೋರಿಸಿ, “ಒತ್ತಿ. ನಾಳೆ ಬರುವವರಿಗಾದರೂ ದೋಣಿ ಸಿಗಲಿ,” ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಹೊನ್ನೇಶ, “ಆದರೆ ಅವನು ತಿದ್ದಿದ್ದಂತೂ ನಿಜ, ಗುರುಗಳೇ,” ಎಂದ.

“ನಿಜ,” ಎಂದರು ಗುರುಗಳು. “ನಿನ್ನ ತಂಗಿಯ ಊರಿಗೆ ಎರಡೂವರೆಗೆ ಒಂದು ಬಸ್ಸಿದೆ.”