ಕರೆಗುಂಡಿಯ ಬೆರಳಬಂಡೆ

ಕರೆಗುಂಡಿ ಊರಿನ ಪಡುವಣಕ್ಕೆ, ಜೋಳದ ಹೊಲಗಳ ನಡುವೆ ಒಂದು ಸಣ್ಣ ಗುಡ್ಡವಿದೆ. ಅದರ ನೆತ್ತಿಯಲ್ಲಿ ಶಿಖರ ಕಳೆದುಕೊಂಡ ಒಂದು ಬಸದಿ, ಬಸದಿಯ ಬಾಗಿಲಿಗೆ ಎದುರಾಗಿ ಎದೆಯೆತ್ತರದ ಕರಿಯ ಬಂಡೆ. ಬಂಡೆಯ ಮುಖದ ಮೇಲೆ ಮೂರು ಸಾಲು ಹಳೆಯ ಅಕ್ಷರಗಳು. ಸವೆದು ಸವೆದು ಅವು ಈಗ ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಸಿಗುತ್ತವೆ. ಮೂರನೆಯ ಸಾಲು ಮಾತ್ರ ನಡುವೆಯೇ ನಿಂತುಹೋಗಿದೆ. ಊರಿನವರು ಬೆಳಿಗ್ಗೆ ಬಂದು, ಕಣ್ಣು ಮುಚ್ಚಿ ಆ ಸಾಲುಗಳ ಮೇಲೆ ಬೆರಳಾಡಿಸಿ, ಆಮೇಲೆ ಮನೆಗೆ ಹೋಗಿ ತುತ್ತು ಮುಟ್ಟುತ್ತಾರೆ. ಹೊರಗಿನವರು ಬಂಡೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ; ಸಾಲು ನಿಂತಲ್ಲಿರುವ ನುಣುಪಾದ ತಗ್ಗನ್ನು ನೋಡಿ, ಹಿಂದಿನವರು ಇಲ್ಲಿ ಚಟ್ನಿ ಅರೆಯುತ್ತಿದ್ದರೇ ಎಂದು ಕೇಳುತ್ತಾರೆ. ನೆಟ್ಟಗೆ ನಿಂತ ಬಂಡೆಯ ಮೇಲೆ ಚಟ್ನಿ ಅರೆಯುವ ಜಾಣರನ್ನು ನಾನಂತೂ ಕಂಡಿಲ್ಲ. ಹೇಳಿ ಹೇಳಿ ಬಾಯಿ ನೋಯುವ ಬದಲು, ಹಿರಿಯರಿಂದ ಕೇಳಿದ್ದನ್ನು ಬರೆದೇ ಬಿಡುತ್ತೇನೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಪಾಯಣ್ಣಸೆಟ್ಟಿ ಎಂಬ ಅರಳೆ ವ್ಯಾಪಾರಿ ಇದ್ದನಂತೆ. ಅವನ ತಾಯಿ ಬೊಪ್ಪವ್ವೆ ತೀರಿಕೊಂಡಾಗ, ಆಕೆಯ ಪುಣ್ಯಕ್ಕೆಂದು ಶಾಸ್ತ್ರದಾನ ಮಾಡಲು ಮನಸ್ಸು ಮಾಡಿದ. ದೂರದ ಊರಿನ ಲಿಪಿಕಾರನೊಬ್ಬನಿಂದ ತಾಳೆಗರಿಗಳ ಮೇಲೆ ಆಗಮವನ್ನು ಬರೆಸಿದ. ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊನೆಯ ಗರಿಯನ್ನು ಕೊರೆದು ಮುಗಿಸಿದ ದಿನವೇ ಲಿಪಿಕಾರ ಜ್ವರ ಬಂದು ಸತ್ತ. ಅವನ ಮನೆಯವರು ಓಲೆಗಳನ್ನು ಹಾಗೆಯೇ ಬಟ್ಟೆಯಲ್ಲಿ ಕಟ್ಟಿ ಕಳಿಸಿದರು. ಸೆಟ್ಟಿ ಭಕ್ತಿಯಿಂದ ಗಂಟನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿ, ಬಿಚ್ಚಿಯೂ ನೋಡದೆ ಬಸದಿಗೆ ಒಪ್ಪಿಸಿದ.

ಬಸದಿಯಲ್ಲಿ ಓದುವವಳು ಮಾಳಿಯಬ್ಬೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ಬೊಪ್ಪವ್ವೆಯ ಗೆಳತಿ. ದಿನವೂ ಒಂದು ಗರಿ ಓದದೆ ಬಾಯಿಗೆ ಏನೂ ಹಾಕುವುದಿಲ್ಲವೆಂಬುದು ಅವಳ ನೇಮ. ಹಬ್ಬವಿರಲಿ, ಜ್ವರವಿರಲಿ, ಅದು ತಪ್ಪಿದ್ದೇ ಇಲ್ಲ ಎನ್ನುತ್ತಾರೆ. ಗರಿಯ ಸಂದಿನಲ್ಲಿ ಸಣ್ಣ ಹುಳುವಿದ್ದರೂ ಸತ್ತೀತೆಂಬ ಭಯಕ್ಕೆ ಅವಳು ಮೊದಲು ನವಿಲುಗರಿಯಿಂದ ಮೆಲ್ಲಗೆ ಸವರಿ, ಆಮೇಲೆ ಬಿಚ್ಚುತ್ತಿದ್ದಳು. ಇದೇ ಕಾರಣಕ್ಕೆ ಕಣ್ಣು ಮಂಜಾದವರು ಗ್ರಂಥ ಮುಟ್ಟಬಾರದೆಂದು ಆ ಬಸದಿಯಲ್ಲಿ ಕಟ್ಟಳೆಯೂ ಇತ್ತು. ಸೆಟ್ಟಿ ಕೊಟ್ಟ ಓಲೆಗಳನ್ನು ಅವಳು ಏಳು ವರ್ಷ ಓದಿದಳು. ಜನ ಎದುರಿಗೆ ಕೆಳಗೆ ಕೂತು ಕೈಮುಗಿದು ಕೇಳಿದರು.

ಎಂಟನೆಯ ವರ್ಷದ ಶ್ರುತಪಂಚಮಿ ಬಂತು. ಅಂದು ಗ್ರಂಥಗಳನ್ನು ಹೊರತೆಗೆದು, ಗಾಳಿಗೆ ಹಿಡಿದು, ಹೊಸ ಬಟ್ಟೆ ಕಟ್ಟಿ ಪೂಜಿಸುತ್ತಾರೆ. ಪ್ರತಿ ಸಲ ಮಾಳಿಯಬ್ಬೆಯೇ ಮಾಡುತ್ತಿದ್ದ ಈ ಕೆಲಸವನ್ನು, ತಾಯಿಯ ಗಂಟೊಂದಕ್ಕಾದರೂ ತಾನೇ ಮಾಡುತ್ತೇನೆಂದು ಆ ವರ್ಷ ಸೆಟ್ಟಿ ಹಟ ಹಿಡಿದ. ಮಿಂದು ಮಡಿಯುಟ್ಟು ಬಂದು ಗಂಟು ಬಿಚ್ಚಿದ. ಮೊದಲ ಗರಿ ಬರಿದು. ಎರಡನೆಯದೂ ಬರಿದು. ಎಲ್ಲ ಗರಿಗಳನ್ನೂ ತಿರುವಿಹಾಕಿದ, ಒಂದರಲ್ಲೂ ಒಂದಕ್ಷರ ಕಾಣಲಿಲ್ಲ. ನೆರೆದ ಜನ ಒಬ್ಬರನ್ನೊಬ್ಬರು ಕೇಳತೊಡಗಿದರು. ಹಾಗಾದರೆ ಏಳು ವರ್ಷ ನಾವು ಕೈಮುಗಿದು ಕೇಳಿದ್ದೇನು? ದೇವರ ಮಾತೆಂದು ಈ ಮುದುಕಿ ತನ್ನ ಮಾತನ್ನೇ ಉಣಿಸಿದಳೇ? ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡು ಅತ್ತೇಬಿಟ್ಟಳಂತೆ. ಅಷ್ಟು ದಿನ 'ಅವ್ವಾರ' ಎನ್ನುತ್ತಿದ್ದ ಸೆಟ್ಟಿ ಏಕವಚನಕ್ಕೆ ಇಳಿದ.

"ಇದರಾಗ ಏನೈತಿ? ಏಳು ವರ್ಷ ಏನ ಓದಿದಿ ನೀ?"

"ಇದ್ದದ್ದನ್ನ ಓದೇನೋ ತಮ್ಮಾ. ನಂದೊಂದು ಮಾತು ಸೇರಿಸಿಲ್ಲ," ಎಂದಳು ಮಾಳಿಯಬ್ಬೆ. ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ.

ಸೆಟ್ಟಿ ಗಂಟನ್ನು ಮನೆಗೆ ಹೊತ್ತೊಯ್ದ. ಅವಳು ಬಸದಿಯ ಕಂಬಕ್ಕೆ ಒರಗಿ ಕೂತಳು. ಯಾರೋ ಕರುಣೆಯಿಂದ ಗಂಜಿ ತಂದರೆ, "ಇವತ್ತಿಂದು ಓದಿಲ್ಲವ್ವ," ಎಂದು ಬಟ್ಟಲನ್ನು ಹಿಂದಕ್ಕೆ ಸರಿಸಿದಳು. ಎರಡನೆಯ ದಿನವೂ ಅದೇ ಮಾತು, ಮೂರನೆಯ ದಿನವೂ ಅದೇ. ನಾಟಕ ಎಂದರು ಕೆಲವರು. ಮೂರು ದಿನ ಹಸಿದು ಆಡುವ ನಾಟಕ ಯಾವುದೋ, ಹೇಳಿದವರೇ ಬಲ್ಲರು.

ನಾಲ್ಕನೆಯ ಬೆಳಿಗ್ಗೆ, ತಾಯಿಯ ಹೆಸರಿಗೆ ಮಸಿ ಬಳಿದ ಈ ಗಂಟು ಮನೆಯಲ್ಲಿರುವುದೇ ಬೇಡವೆಂದು ಸೆಟ್ಟಿ ಓಲೆಗಳನ್ನೆಲ್ಲ ಒಲೆಗೆ ಹಾಕಿದ. ಒಣಗರಿ, ಭುಗ್ಗೆಂದು ಹೊತ್ತಿಕೊಂಡಿತು. ಒಂದು ಗರಿ ಮಾತ್ರ ಜಾರಿ ಒಲೆಯ ಬಾಯಿಗೆ ಬಿತ್ತು. ಅದನ್ನು ಒಳಕ್ಕೆ ತಳ್ಳಲು ಹೋದಾಗ ಅವನ ಮಸಿ ಹತ್ತಿದ ಹೆಬ್ಬೆರಳು ಗರಿಯ ಉದ್ದಕ್ಕೂ ಎಳೆಯಿತು. ಎಳೆದಲ್ಲೆಲ್ಲ ಕಪ್ಪು ಅಕ್ಷರ ಎದ್ದವು! ಮೊದಲು ದೇವರಿಗೆ ನಮಸ್ಕಾರ, ಅದರ ಕೆಳಗೆ 'ಬೊಪ್ಪವ್ವೆಯ ಪುಣ್ಯಾರ್ಥ'. ಕೊರೆದ ಗರಿಗೆ ಮಸಿ ತೀಡಿದರೇ ಅಕ್ಷರ ಕಣ್ಣಿಗೆ ಕಾಣುವುದು. ಲಿಪಿಕಾರ ಅಷ್ಟರೊಳಗೆ ಸತ್ತಿದ್ದ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ್ದರೂ ಗೀರು ಗೊತ್ತಾಗುತ್ತಿತ್ತು. ಸಿಟ್ಟು ಬಂದವನು ಅಷ್ಟು ಸಾವಧಾನವಾಗಿ ನೋಡುತ್ತಾನೆಯೇ? ಸೆಟ್ಟಿ ಬರಿಗೈಯನ್ನೇ ಬೆಂಕಿಗೆ ಹಾಕಿದ. ಒಳಗೆ ಬೂದಿ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅರ್ಧ ಸುಟ್ಟ ಆ ಒಂದು ಗರಿಯನ್ನು ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಗುಡ್ಡದ ಕಡೆಗೆ ಓಡಿದ.

ಕಂಬದ ಬುಡದಲ್ಲಿ ಕೂತವಳ ಮುಖದ ಮುಂದೆ ಗರಿ ಹಿಡಿದು, "ಅಕ್ಷರ ಅದಾವ್ರಿ ಅವ್ವಾರ, ನೋಡ್ರಿ!" ಎಂದು ಕೂಗಿದ. ಮಾಳಿಯಬ್ಬೆಯ ಕಣ್ಣು ಗರಿಯ ಮೇಲೆ ನಿಲ್ಲಲಿಲ್ಲ, ಅವನ ಹೆಗಲಾಚೆಗೆ ಎಲ್ಲೋ ನೆಟ್ಟಿತ್ತು. ಅವಳ ಕೈ ಗರಿಯಿದ್ದ ಕಡೆ ಬಿಟ್ಟು ಬರಿ ಗಾಳಿಯಲ್ಲಿ ತಡಕಾಡಿತು.

"ಕಣ್ಣು ಹೋಗಿ ಏಳು ವರ್ಷಾತೋ," ಎಂದಳು. "ನಿನ್ನ ಗಂಟಿಗೆ ಮಸಿ ತೀಡಿರಲಿಲ್ಲ. ಗೀರು ಬೆರಳಿಗೆ ಸಿಕ್ಕವು. ದೇವರೇ ನನಗಂತ ಕಳಿಸ್ಯಾನ ಅಂದ್ಕೊಂಡೆ. ಬಾಯಿ ಬಿಟ್ಟರ ಕುರುಡಿ ಮುಟ್ಟಬಾರದು ಅಂತ ಕಸಗೊಂತಿದ್ರಿ. ಇಲ್ಲಾ ಮಸಿ ತುಂಬಿ ಗೀರು ಮುಚ್ಚತಿದ್ರಿ. ಉಳಿದ ಗರಿ ಎಲ್ಲೋ?"

ಸೆಟ್ಟಿ ಬಾಯಿಬಿಟ್ಟು ಹೇಳಬೇಕಾಯಿತು. "ಅರ್ಧ ನೀ ಸುಟ್ಟಿ, ಅರ್ಧ ನಾ ಸುಮ್ಮನಿದ್ದು ಸುಟ್ಟೆ," ಎಂದು ಕೈಚಾಚಿದಳು. ಸೆರಗಿನಿಂದ ಮಸಿ ಒರೆಸಿ, ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಮೂರನೆಯ ಸಾಲಿನ ನಡುವೆ ಸುಟ್ಟ ಅಂಚು ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದಳು.

"ಮುಂದಿಂದು ನಿಮಗ ಬಾಯಿಪಾಠ ಐತಲ್ರಿ, ಹೇಳ್ರಿ ಅವ್ವಾರ, ಬರಸ್ತೀನಿ," ಎಂದು ಸೆಟ್ಟಿ ಕಾಲು ಹಿಡಿದು ಅತ್ತ.

"ನೆನಪು ನಂದು, ಓಲೆ ದೇವರದು. ನಂದನ್ನ ಅದರಾಗ ಸೇರಿಸಂಗಿಲ್ಲ. ಇದ್ದಷ್ಟು ಓದಿದೆ. ಈಗ ಗಂಜಿ ತಾ."

ಅವಳ ಬೆರಳಿಗೆ ಸಿಗಲೆಂದು ಸೆಟ್ಟಿ ಆ ಎರಡೂವರೆ ಸಾಲನ್ನು ಬಂಡೆಯಲ್ಲಿ ಆಳವಾಗಿ ಕೊರೆಸಿದ. ಗ್ರಂಥಕ್ಕಿದ್ದ ಕಟ್ಟಳೆ ಕಲ್ಲಿಗೆ ಇರಲಿಲ್ಲ. ಬದುಕಿರುವವರೆಗೆ ಮಾಳಿಯಬ್ಬೆ ದಿನವೂ ಅದನ್ನೇ ಓದಿ ಉಂಡಳು. ಅವಳ ನಂತರ ಸೆಟ್ಟಿಯೂ ಮುಪ್ಪಿನವರೆಗೆ ಬೆಳಿಗ್ಗೆ ಗುಡ್ಡ ಹತ್ತಿ, ಕಣ್ಣು ಮುಚ್ಚಿ ಓದುತ್ತಿದ್ದ ಎನ್ನುತ್ತಾರೆ. ಸಾಲು ಮುಗಿದ ಮೇಲೂ ಅವನ ಬೆರಳು ಅಲ್ಲಿಂದ ಏಳುತ್ತಿರಲಿಲ್ಲವಂತೆ.

ಈಗಲೂ ಬಂದವರು ನೋಡಬಹುದು. ಬೆರಳಬಂಡೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸವೆದು ತಗ್ಗಾಗಿರುವುದು ಅಕ್ಷರಗಳಲ್ಲ, ಅವುಗಳ ಪಕ್ಕದಲ್ಲಿ ಏನನ್ನೂ ಬರೆಯದೆ ಬಿಟ್ಟ ಆ ಗೇಣಗಲದ ಜಾಗ.