ಬಿಗಿಯಾದ ಹನ್ನೊಂದು ಸಾಲು

ನದಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಉಲ್ಲನ್ ಅಂಗಡಿ ಇತ್ತು. ನಡೆಸುತ್ತಿದ್ದವರು ಎಸ್ತರಮ್ಮ. ಎಪ್ಪತ್ತು ದಾಟಿದ ಹೆಂಗಸು. ಮಾತು ಕಡಿಮೆ. ಕೈ ಸುಮ್ಮನಿದ್ದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಧರಣೇಂದ್ರಯ್ಯ ಆ ಅಂಗಡಿಯ ಮುಂದೆ ನಿಂತರು. ಮೂವತ್ತನಾಲ್ಕು ವರ್ಷ ಊರೂರಿನ ಜಮೀನು ಅಳೆದು ನಿವೃತ್ತರಾದ ಸರ್ವೆಯರ್. ಕಂಡದ್ದನ್ನು ಕೇಳಿ ತಿಳಿಯದಿದ್ದರೆ ಉಂಡ ಅನ್ನ ಮೈಗೆ ಹತ್ತದು, ಅಂಥ ಸ್ವಭಾವ.

"ಅಮ್ಮಾ, ಮಗ್ಗ ಇಲ್ಲ. ಹಾಸು ಇಲ್ಲ, ಹೊಕ್ಕು ಇಲ್ಲ. ಇರೋದು ಒಂದೇ ಎಳೆ. ಅದು ಹೇಗೆ ಬಟ್ಟೆ ಆಗುತ್ತೆ?"

ಎಸ್ತರಮ್ಮ ಆಗಷ್ಟೇ ಹೆಣೆದು ಮುಗಿಸಿದ್ದ ಕಾಲುಚೀಲದ ತುದಿಯ ಎಳೆಯನ್ನು ಅವರ ಕೈಗಿಟ್ಟು, "ಎಳೀರಿ" ಅಂದರು.

ಧರಣೇಂದ್ರಯ್ಯ ಎಳೆದರು. ಕಾಲುಚೀಲ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಕೊನೆಗೆ ಅವರ ಮಡಿಲಲ್ಲಿ ಉಳಿದದ್ದು ಸುಕ್ಕುಸುಕ್ಕು ನೂಲು.

"ಅಯ್ಯೋ, ಹಾಳಾಯ್ತಲ್ಲ!"

"ಹಾಳಾಗಿಲ್ಲ. ಹೇಗೆ ಹೋಯ್ತು ಅಂತ ನೋಡಿದಿರಿ. ಹೇಗೆ ಬರುತ್ತೆ ಅಂತ ಈಗ ನೋಡಿ" ಎಂದು ಎಸ್ತರಮ್ಮ ಎರಡು ಕಡ್ಡಿ ಕೊಟ್ಟರು.

ಆ ಕಾಲುಚೀಲವನ್ನು ಮತ್ತೆ ಹೆಣೆಯುವುದಕ್ಕೆ ಧರಣೇಂದ್ರಯ್ಯನವರಿಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಶಿಷ್ಯರಾಗಿಬಿಟ್ಟಿದ್ದರು. ಅವರು ಎಸ್ತರಮ್ಮನನ್ನು "ಗುರುಗಳೇ" ಅನ್ನುತ್ತಿದ್ದರು. ಆಕೆ ಅವರನ್ನು "ಸರ್ವೆಯರ್ರೇ" ಅನ್ನುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕಾರ್ತಿಕದ ಚಳಿ ಶುರುವಾದ ಮೇಲೆ ಸಂಕ್ರಾಂತಿಯವರೆಗೆ, ಪ್ರತಿ ಗುರುವಾರ ಮಧ್ಯಾಹ್ನ, ಹೆಣೆಯುವವರೆಲ್ಲ ಅಲ್ಲಿ ಸೇರಬೇಕು. ಸೇರಿದವರೆಲ್ಲ ಒಂದೇ ಕೆಲಸ ಹಿಡಿಯಬೇಕು. ಒಂದು ವರ್ಷ ಎಲ್ಲರೂ ಟೋಪಿ, ಇನ್ನೊಂದು ವರ್ಷ ಎಲ್ಲರೂ ಶಾಲು.

ಆ ವರ್ಷ ಹೊದಿಕೆ ಅಂತಾಯಿತು. ಆಸ್ಪತ್ರೆಯಲ್ಲಿ ಹುಟ್ಟುವ ಹಸುಗೂಸುಗಳಿಗೆ. ಒಬ್ಬೊಬ್ಬರೂ ವಾರಕ್ಕೊಂದು ಚೌಕ ಹೆಣೆದು ತರುವುದು, ಕೊನೆಗೆ ಎಲ್ಲವನ್ನೂ ಕೂಡಿಸಿ ಹೊಲಿಯುವುದು.

ಒಂದೇ ಬಗೆಯ ನೂಲು. ಒಂದೇ ಗಾತ್ರದ ಕಡ್ಡಿ. ಕಡ್ಡಿಯ ಮೇಲೆ ಮೂವತ್ತು ಕುಣಿಕೆ, ನಲವತ್ತು ಸಾಲು. ಎಲ್ಲರಿಗೂ ಅದೇ ಲೆಕ್ಕ.

ಮೊದಲ ಗುರುವಾರ ಒಂಬತ್ತು ಚೌಕ ಬಂದವು. ಒಂಬತ್ತೂ ಬೇರೆ ಬೇರೆ ಅಳತೆ.

ಧರಣೇಂದ್ರಯ್ಯ ಅವನ್ನು ಒಂದರ ಮೇಲೊಂದಿಟ್ಟು ನೋಡಿದರು. ತಿರುಗಿಸಿ ನೋಡಿದರು.

"ಗುರುಗಳೇ, ಇದೇನಿದು? ಎಲ್ಲಾ ಒಂದೇ ಇದ್ದೂ ಒಂದೇ ಆಗಿಲ್ಲವಲ್ಲ?"

"ಎಲ್ಲಾ ಒಂದೇ ಇತ್ತಾ?"

"ನೂಲು, ಕಡ್ಡಿ, ಲೆಕ್ಕ... ಇನ್ನೇನಿದೆ?"

ಎಸ್ತರಮ್ಮ ತಮ್ಮ ಎರಡೂ ಅಂಗೈ ಅವರ ಮುಂದೆ ಹಿಡಿದು ತೋರಿಸಿ, ಮತ್ತೆ ಕಡ್ಡಿ ಎತ್ತಿಕೊಂಡರು.

ಅಷ್ಟು ಸಾಕಾಯಿತು. ಧರಣೇಂದ್ರಯ್ಯ ಮರುವಾರ ಟೇಪು, ನೋಟುಬುಕ್ಕು ಹಿಡಿದೇ ಬಂದರು. ಬಂದ ಚೌಕವನ್ನೆಲ್ಲ ಅಳೆದು ಬರೆದುಕೊಂಡರು. ಮೂರನೇ ವಾರ ಮುಗಿಯುವಷ್ಟರಲ್ಲಿ ಹೆಸರು ನೋಡದೆಯೇ ಯಾವ ಚೌಕ ಯಾರದು ಎಂದು ಹೇಳುತ್ತಿದ್ದರು. ಅವಸರದವರ ಸಾಲು ಯಾವುದು, ಮಾತಾಡುತ್ತ ಹೆಣೆದ ಸಾಲು ಯಾವುದು, ಅದೂ ಗೊತ್ತಾಗತೊಡಗಿತು. ಹೆಂಗಸರು ನಗುತ್ತಿದ್ದರು. "ನಿನ್ನೆ ನಾನು ಟಿ.ವಿ. ನೋಡ್ತಾ ಹೆಣೆದಿದ್ದು ಎಲ್ಲಿ ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡುತ್ತಿದ್ದರು.

ನಾಲ್ಕನೇ ಗುರುವಾರ ಅವರ ಕೈಗೆ ಪಂಕಜಾಕ್ಷಿ ಟೀಚರ ಚೌಕ ಬಂತು. ಪಂಕಜಾಕ್ಷಿ ಊರಾಚೆಯ ಅಂಗನವಾಡಿಯ ಟೀಚರು. ಐವತ್ತರ ಹತ್ತಿರದ, ಮೆದು ಮಾತಿನ ಹೆಂಗಸು. ಕೈಯೂ ಹಾಗೆಯೇ. ಒಂಬತ್ತು ಜನರಲ್ಲಿ ಎಲ್ಲರಿಗಿಂತ ಮೆತ್ತಗಿನ ಚೌಕ ಅವರದು.

ಈ ಚೌಕ ಹಾಗಿರಲಿಲ್ಲ.

ಧರಣೇಂದ್ರಯ್ಯ ಸಾಲು ಎಣಿಸಿದರು. ಹತ್ತೊಂಬತ್ತನೇ ಸಾಲಿನವರೆಗೆ ಎಂದಿನ ಕೈ. ಇಪ್ಪತ್ತರಿಂದ ಮೂವತ್ತರವರೆಗೆ, ಹನ್ನೊಂದು ಸಾಲು, ಬೆರಳು ತೂರದಷ್ಟು ಬಿಗಿ. ಅಲ್ಲಿಂದಾಚೆಗೆ ಕೈಯೇ ಇಲ್ಲವೇನೋ ಅನ್ನುವಷ್ಟು ಸಡಿಲ.

ಹೂತುಹೋದ ಗಡಿಕಲ್ಲು ಸಿಕ್ಕಾಗ ಆಗುತ್ತಿದ್ದಂಥ ಸಂತೋಷ ಅವರಿಗಾಯಿತು. ಚೌಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಟೀಚರ್, ನೋಡಿ! ಇಲ್ಲಿಂದ ಇಲ್ಲಿವರೆಗೆ ನಿಮ್ಮ ಕೈ ಕಲ್ಲಾಗಿದೆ. ಸರಿಯಾಗಿ ಹನ್ನೊಂದು ಸಾಲು. ಅವತ್ತು ಏನಾಯ್ತು?"

ಪಂಕಜಾಕ್ಷಿಯ ಮುಖದಲ್ಲಿ ಅಲ್ಲಿಯವರೆಗೆ ಇದ್ದ ನಗು ಹಾಗೇ ನಿಂತಿತು. ಅವರು ಕಡ್ಡಿ, ನೂಲು ಚೀಲಕ್ಕೆ ತುಂಬಿಕೊಂಡರು. "ಮಕ್ಕಳಿಗೆ ನಾಳೆ ಊಟಕ್ಕೆ ಕಾಳು ನೆನೆಹಾಕೋದು ಮರೆತೆ" ಎಂದರು. ಹೊರಟುಹೋದರು.

ಎಸ್ತರಮ್ಮ ಸಾಲು ಮುಗಿಸಿ ಕಡ್ಡಿ ತಿರುಗಿಸಿದರು.

ಮುಂದಿನ ಗುರುವಾರ ಪಂಕಜಾಕ್ಷಿ ಬರಲಿಲ್ಲ.

ಎಲ್ಲರೂ ಎದ್ದುಹೋದ ಮೇಲೂ ಧರಣೇಂದ್ರಯ್ಯ ಕೂತೇ ಇದ್ದರು.

"ಗುರುಗಳೇ, ಕೇಳಿದ್ದು ತಪ್ಪಾ? ತಿಳಿಯಬೇಕು ಅಂತಲ್ಲವೇ ನಾನು ಇಲ್ಲಿಗೆ ಬಂದದ್ದು?"

ಎಸ್ತರಮ್ಮ ಎದ್ದು, ಕಪಾಟಿನಿಂದ ಚೌಕಗಳ ಕಟ್ಟು ತೆಗೆದರು. ಹುಡುಕಿ ಒಂದನ್ನು ಹೊರಗೆಳೆದು ಮೇಜಿನ ಮೇಲೆ ಹಾಸಿದರು. ಅದು ಧರಣೇಂದ್ರಯ್ಯನವರದೇ. ಎರಡನೇ ವಾರದ್ದು.

ಅದರ ನಡುವೆ ಒಂದು ಸಾಲಿನ ಮೇಲೆ ಎಸ್ತರಮ್ಮ ಬೆರಳಿಟ್ಟರು. ಇಟ್ಟ ಬೆರಳನ್ನು ತೆಗೆಯಲಿಲ್ಲ.

ಧರಣೇಂದ್ರಯ್ಯ ನೋಡಿದರು. ಕುಣಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲರ ಚೌಕ ಅಳೆದವರು ತಮ್ಮದನ್ನು ಅಳೆದಿರಲಿಲ್ಲ. ಆದರೆ ಅದು ಯಾವ ದಿನದ ಸಾಲು ಎಂದು ಅವರ ಕೈಗೆ ನೆನಪಿತ್ತು.

ಹೊರಗೆ ಯಾರೋ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಅವತ್ತಿಗೆ ತ್ರಿಶಲಾ ಹೋಗಿ ಎರಡು ವರ್ಷ" ಎಂದರು ಧರಣೇಂದ್ರಯ್ಯ. "ನನ್ನ ಹೆಂಡತಿ."

"ಹೂಂ" ಎಂದು ಎಸ್ತರಮ್ಮ ಬೆರಳು ತೆಗೆದರು.

"ನಿಮಗೆ ಗೊತ್ತಿತ್ತಾ?"

"ಕೈ ಬಿಗಿಯಾಗಿದ್ದು ಗೊತ್ತಿತ್ತು. ಯಾಕೆ ಅಂತ ಇವತ್ತು ಗೊತ್ತಾಯ್ತು."

"ಮೂರು ವಾರ ಕೇಳದೆ ಹೇಗಿದ್ದಿರಿ?"

"ಈ ಚೌಕ ತಂದ ದಿನ ನಿಮಗೆ ಚಹಾ ಎರಡು ಸಲ ಕೊಟ್ಟಿದ್ದೆ. ಮರೆತಿರೇನೋ."

ಧರಣೇಂದ್ರಯ್ಯ ಮರೆತಿರಲಿಲ್ಲ. ಎರಡನೇ ಸಲ ಯಾಕೆ ಕೊಟ್ಟರು ಎಂದು ಅವರು ಕೇಳಿರಲಿಲ್ಲ ಅಷ್ಟೆ. ಪ್ರಪಂಚದಲ್ಲಿ ಅವರು ಕೇಳದೆ ಬಿಟ್ಟದ್ದು ಬಹುಶಃ ಅದೊಂದೇ.

"ನಾಳೆ ಹೋಗಿ ಟೀಚರ ಹತ್ರ ಕ್ಷಮೆ ಕೇಳ್ತೀನಿ" ಎಂದರು.

"ಮತ್ತೆ ಕೇಳೋದೇ?" ಎಂದರು ಎಸ್ತರಮ್ಮ.

ಮರುದಿನ ಬೆಳಿಗ್ಗೆ ಧರಣೇಂದ್ರಯ್ಯ ಅಂಗನವಾಡಿಗೆ ಹೋದರು. ಒಳಗೆ ಮಕ್ಕಳು ಪದ್ಯ ಹೇಳುತ್ತಿದ್ದವು. ಪಂಕಜಾಕ್ಷಿ ಬಾಗಿಲಲ್ಲಿ ನಿಂತ ಅವರನ್ನು ನೋಡಿದರು. ನೋಡಿ, ಕರಿಹಲಗೆಯ ಕಡೆ ತಿರುಗಿದರು.

ಧರಣೇಂದ್ರಯ್ಯ ಹೊರಗಿನ ಜಗಲಿಯ ಮೇಲೆ ಕೂತು, ಚೀಲದಿಂದ ಕಡ್ಡಿ ತೆಗೆದು ಹೆಣೆಯತೊಡಗಿದರು. ಬಾಯಿಗೆ ಬರುತ್ತಿದ್ದ ಮಾತನ್ನೆಲ್ಲ ಕುಣಿಕೆಗೊಂದರಂತೆ ನುಂಗಿಕೊಂಡರು. ಒಂದು ಪುಟ್ಟ ಹುಡುಗಿ ಬಂದು ನೂಲಿನ ಉಂಡೆಯನ್ನು ಮುಟ್ಟಿ ನೋಡಿ ಓಡಿಹೋಯಿತು. ಊಟದ ಹೊತ್ತಾಯಿತು. ಮಕ್ಕಳು ಉಂಡು ಚಾಪೆಯ ಮೇಲೆ ಮಲಗಿದವು.

ಪಂಕಜಾಕ್ಷಿ ಹೊರಬಂದು ಹೊಸ್ತಿಲ ಹತ್ತಿರ ನಿಂತರು. ಅವರ ಕಣ್ಣು ತಾನಾಗಿಯೇ ಹೆಣಿಗೆಯ ಮೇಲೆ ಹೋಯಿತು.

"ಕೆಳಗೆ ಒಂದು ಕುಣಿಕೆ ಜಾರಿದೆ" ಎಂದರು.

"ನೋಡಲೇ ಇಲ್ಲ."

ಪಂಕಜಾಕ್ಷಿ ಪಕ್ಕದಲ್ಲಿ ಕೂತು, ಕಡ್ಡಿ ಇಸಿದುಕೊಂಡು, ಜಾರಿದ ಕುಣಿಕೆಯನ್ನು ಏಣಿ ಹತ್ತಿಸಿದಂತೆ ಸಾಲುಸಾಲಾಗಿ ಮೇಲಕ್ಕೆ ತರತೊಡಗಿದರು. ತರುತ್ತ, ತಲೆ ಎತ್ತದೆ ಹೇಳಿದರು.

"ಮಗಳನ್ನ ಸ್ಕ್ಯಾನಿಂಗಿಗೆ ಒಳಗೆ ಕರಕೊಂಡು ಹೋಗಿದ್ರು. ನಾನು ಹೊರಗೆ ಬೆಂಚಿನ ಮೇಲೆ ಹೆಣೀತಾ ಕೂತಿದ್ದೆ."

ಧರಣೇಂದ್ರಯ್ಯನವರ ತುದಿನಾಲಗೆಗೆ ಪ್ರಶ್ನೆ ಬಂತು. ಅವರು ಎದುರಿನ ನುಗ್ಗೆಮರವನ್ನು ನೋಡಿದರು.

"ಈ ಬಸಿರೂ ನಿಲ್ಲಲಿಲ್ಲ" ಎಂದರು ಪಂಕಜಾಕ್ಷಿ. "ಮೂರನೇದು. ಹೆಣಿಗೇನ ಅರ್ಧಕ್ಕೆ ಬಿಟ್ಟರೆ ಅದೂ ಜಾರಿಹೋಗುತ್ತೆ ಅನ್ನಿಸ್ತು. ಅಲ್ಲೇ ಕೂತು ಮುಗಿಸಿದೆ."

ಕುಣಿಕೆ ಮೇಲೆ ಬಂತು. ಅವರು ಕಡ್ಡಿಯನ್ನು ವಾಪಸು ಕೊಟ್ಟರು. ಮಕ್ಕಳು ಏಳುವವರೆಗೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದರು.

ಮುಂದಿನ ಗುರುವಾರ ಪಂಕಜಾಕ್ಷಿ ಅಂಗಡಿಗೆ ಬಂದರು. ಅದರ ಮುಂದಿನ ವಾರವೂ ಬಂದರು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹೊದಿಕೆಗಳನ್ನು ಕೂಡಿಸಲು ಕೂತರು. ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ, ಹೊಂದುವುದನ್ನು ಹೊಂದುವುದರ ಪಕ್ಕ ಇಡುತ್ತ ಹೋದರು. ಕೊನೆಯ ಹೊದಿಕೆಯಲ್ಲಿ ಒಂದು ಜಾಗ ಖಾಲಿ ಉಳಿಯಿತು. ಉಳಿದಿದ್ದ ಚೌಕವೂ ಒಂದೇ. ಆ ಹನ್ನೊಂದು ಸಾಲಿನದು.

ಪಂಕಜಾಕ್ಷಿ ಅದನ್ನು ಎತ್ತಿಕೊಂಡರು. "ಇದು ಬೇಡ ಎಸ್ತರಮ್ಮ. ನಡುವೆ ಸೊಂಟ ಬಿಗಿದು ಕಟ್ಟಿದಂಗಾಗಿದೆ. ನಾಳೆ ಬೇರೆ ಹೆಣೆದು ತರ್ತೀನಿ."

ಎಸ್ತರಮ್ಮ ಕೈ ಚಾಚಿದರು. ಚೌಕವನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿಟ್ಟರು. ಸೂಜಿಗೆ ನೂಲು ಪೋಣಿಸಿ ಧರಣೇಂದ್ರಯ್ಯನವರ ಕೈಗೆ ಕೊಟ್ಟರು.

ಧರಣೇಂದ್ರಯ್ಯ ಮಂಡಿಯೂರಿ ಕೂತು ಎರಡು ಅಂಚುಗಳನ್ನು ಜೋಡಿಸಿ ಹಿಡಿದರು. ಒಂದು ಅಂಚು ಅರ್ಧ ಇಂಚು ಸಾಲದು. ಅಳೆಯದೆಯೇ ಅವರಿಗೆ ಗೊತ್ತಾಯಿತು. ಎಳೆದು ಸಮ ಮಾಡುವುದೋ ಹೇಗೆ ಎಂದು ತಿಳಿಯದೆ ತಲೆ ಎತ್ತಿದರು.

"ಗುರುಗಳೇ, ಇದು ಕಡಿಮೆ ಬೀಳುತ್ತಲ್ಲ?"

"ಅದನ್ನ ಎಳೀಬೇಡಿ" ಎಂದರು ಎಸ್ತರಮ್ಮ. "ಪಕ್ಕದ್ದು ಒಂದಿಷ್ಟು ನೆರಿಗೆ ಹಿಡೀಲಿ."