ಕ್ಯಾಂಟೀನ್ ಇಲ್ಲದ ಡಿಗ್ರಿ

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನನ್ನ ಮೀಸೆಯ ಮೇಲೆ ಆಣೆ. ಈ ಮೀಸೆ ಎಂಥದ್ದೆಂದರೆ, ಇದನ್ನು ಕಂಡರೆ ಎಕ್ಸ್‌ಪ್ರೆಸ್ ಬಸ್ಸು ಕೂಡ ಸ್ಟಾಪಿಲ್ಲದ ಕಡೆ ನಿಂತುಬಿಡುತ್ತದೆ. ಇಂಥ ಮೀಸೆಯನ್ನು ಒತ್ತೆಯಿಟ್ಟು ಯಾರಾದರೂ ಸುಳ್ಳು ಹೇಳುತ್ತಾರೆಯೇ?

ಬ್ಯಾಡಗಿ ಕಡೆ ಮೆಣಸಿನಕಾಯಿ ವ್ಯಾಪಾರದ ಒಂದು ಊರು. ಅಲ್ಲಿ ಮೃತ್ಯುಂಜಯಪ್ಪ ಎಂಬ ಸಾಹುಕಾರರ ಕೋಲ್ಡ್ ಸ್ಟೋರೇಜ್ ಇತ್ತು. ಹೊರಗೆ ಕಾಲು ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ವ್ಯಾಪಾರಿಗಳು ಒಣಮೆಣಸಿನಕಾಯಿ ಚೀಲಗಳನ್ನು ಅಲ್ಲಿಟ್ಟು, ದರ ಏರಿದಾಗ ತೆಗೆಯುತ್ತಿದ್ದರು. ನಾನು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಕೆಲಸವೇನೂ ಇರಲಿಲ್ಲ. ಆದರೆ ನಾನು ಹೋಗಿ ಒಮ್ಮೆ ಸೀನದಿದ್ದರೆ ಆ ಊರಿನ ಮೆಣಸಿನಕಾಯಿಗೆ ಖಾರವೇ ಹತ್ತುತ್ತಿರಲಿಲ್ಲ.

ಗೇಟಿನ ಬಳಿ ಸ್ಟೂಲಿನ ಮೇಲೆ ಕುಳಿತು, ಬಂದ ಚೀಲ ಹೋದ ಚೀಲ ಬರೆದುಕೊಳ್ಳುವ ಕೆಲಸ ನೀಲಾಂಬಿಕೆಯದು. ಹಳೆಯ ಮ್ಯಾನೇಜರು ವಯಸ್ಸಾಯಿತು, ಇನ್ನು ಸಾಕು ಎಂದಾಗ ಸಾಹುಕಾರರು ಎಲ್ಲರೆದುರಿಗೇ ಹೇಳಿದರು: "ನೀಲಾ, ಒಂದು ಡಿಗ್ರಿ ತಂದ್ಬಿಡವಾ. ಆ ಕುರ್ಚಿ ನಿಂದಽ. ಅಲ್ಲೀತನ ಹ್ಯಾಂಗರ ನಡಸ್ತೀನಿ."

ಪಾಪ, ಅವಳು ಆ ಮಾತನ್ನು ನಂಬಿದಳು. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಮೊಬೈಲಿನಲ್ಲೇ ಕಲಿಸುವ ಒಂದು ವಿಶ್ವವಿದ್ಯಾಲಯ ಸೇರಿದಳು. ಕೆಡುವ ಸರಕನ್ನು ಕೆಡದಂತೆ ಇಡುವುದು ಹೇಗೆ ಎಂಬುದೇ ಅವಳ ಪಾಠ. ಮನೆಯೊಳಗೆ ಸಿಗ್ನಲ್ ಸಿಗದು. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ, ಸೆರಗನ್ನು ತಲೆಗೆ ಹೊದ್ದು ಪಾಠ ಕೇಳುತ್ತಿದ್ದಳು. ಪರೀಕ್ಷೆಯಂತೂ ಕೇಳಲೇಬೇಡಿ, ಪೇಟೆಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರು ಬಾಡಿಗೆಗೆ ಹಿಡಿದು ಬರೆಯಬೇಕು. ಕಣ್ಣು ಅತ್ತಿತ್ತ ಹೊರಳಿದರೆ ಕಂಪ್ಯೂಟರು ಗದರಿಸುತ್ತಿತ್ತು. ಒಮ್ಮೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. "ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ" ಎಂದು ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿತು! ಹಲ್ಲಿಯನ್ನು ಓಡಿಸಿ, ಮೊದಲಿನಿಂದ ಬರೆದಳು. ಮೂರು ವರ್ಷ ಹೀಗೇ ಓದಿ, ಒಳ್ಳೆಯ ದರ್ಜೆಯಲ್ಲಿ ಪಾಸಾಗಿ, ಸಾಹುಕಾರರ ಮುಂದೆ ನಿಂತಳು.

ಆದರೆ ಆ ಮೂರು ವರ್ಷದಲ್ಲಿ ಸಾಹುಕಾರರಿಗೆ ಒಂದು ಏಟು ಬಿದ್ದಿತ್ತು. ಅವರ ಅಳಿಯನ ಎಣ್ಣೆ ಮಿಲ್ಲಿಗೆ ಒಬ್ಬ ಭೂಪ ಬಂದಿದ್ದ. ಕೈಯಲ್ಲಿ ಆನ್‌ಲೈನ್ ಡಿಗ್ರಿ, ಅದಕ್ಕೆ ಬಂಗಾರದ ಬಣ್ಣದ ಅಂಚು. ಕೆಲಸ ಗಿಟ್ಟಿಸಿ, ಮಿಲ್ಲಿಗೆ ಸಾಹುಕಾರರು ಹಾಕಿದ್ದ ದುಡ್ಡನ್ನೂ ಎತ್ತಿಕೊಂಡು ಓಡಿಹೋದ. ಆ ವಿಶ್ವವಿದ್ಯಾಲಯ ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ ಅಲ್ಲೊಂದು ಜೆರಾಕ್ಸ್ ಅಂಗಡಿ ಇತ್ತಂತೆ. ಅಂದಿನಿಂದ ಸಾಹುಕಾರರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ಯಾರೇ ಡಿಗ್ರಿ ತಂದರೂ ಆ ಕಾಲೇಜಿನ ಕ್ಯಾಂಟೀನಿಗೆ ಫೋನು. ಪ್ರಿನ್ಸಿಪಾಲರು ಸುಳ್ಳು ಹೇಳಬಹುದು, ಸೀಲು ಸುಳ್ಳು ಹೇಳಬಹುದು, ಚಹಾ ಕೊಟ್ಟವನು ಯಾಕೆ ಹೇಳುತ್ತಾನೆ? ಕ್ಯಾಂಟೀನಿನವನು ಗುರುತು ಹಿಡಿದರೆ ಡಿಗ್ರಿ ನಿಜ, ಇಲ್ಲವಾದರೆ ಸುಳ್ಳು. ಈ ಬುದ್ಧಿವಂತಿಕೆಗೆ ಊರೇ ತಲೆದೂಗಿತ್ತು. ನಾನೂ ತಲೆದೂಗಿದ್ದೆ. ನನ್ನ ತಲೆ ಸ್ವಲ್ಪ ಭಾರ, ಒಮ್ಮೆ ತೂಗಿದರೆ ನಿಲ್ಲುವುದು ತಡ.

"ಖುಷಿ ಆತವಾ ನೀಲಾ," ಎಂದರು ಸಾಹುಕಾರರು. "ನಿಮ್ಮ ಕಾಲೇಜಿನ ಕ್ಯಾಂಟೀನ್ ನಂಬರ್ ಹೇಳು."

"ಕ್ಯಾಂಟೀನ್ ಇಲ್ರೀ ಸಾವ್ಕಾರ್ರ. ನಾ ಮನ್ಯಾಗ ಕುಂತು ಓದೇನಿ."

"ಮತ್ತ ಚಹಾ?"

"ನಾನಽ ಮಾಡ್ಕೊಂಡು ಕುಡಿದೇನ್ರಿ."

"ಹಂಗಾದ್ರ ನೀ ಓದಿದ್ದನ್ನ ನೋಡಿದವ್ರು ಯಾರು?"

ನೀಲಾಂಬಿಕೆ ಅಂಕಪಟ್ಟಿಯನ್ನು ಅವರ ಮುಂದೆ ಇಟ್ಟಳು. ಆಮೇಲೆ ಹೇಳಿದಳು: "ಪ್ರಶ್ನೆ ಕೇಳ್ರಿ ಸಾವ್ಕಾರ್ರ. ಉತ್ತರ ತಪ್ಪಿದ್ರ ನನ್ನ ಸ್ಟೂಲಿಗೆ ನಾ ವಾಪಸ್ ಹೋಗ್ತೀನಿ."

"ಪ್ರಶ್ನೆ ಕೇಳಾಕ ಉತ್ತರ ನನಗ ಗೊತ್ತಿರಬೇಕಲ್ಲವಾ!" ಎಂದು ಸಾಹುಕಾರರು ನಕ್ಕರು. ಅಲ್ಲಿದ್ದವರೆಲ್ಲ ನಕ್ಕರು. ಅವಳೊಬ್ಬಳು ನಗಲಿಲ್ಲ.

ಮರುವಾರ ಬಸವಕಿರಣ ಎಂಬ ಹುಡುಗ ಮ್ಯಾನೇಜರ್ ಕೆಲಸ ಕೇಳಿಕೊಂಡು ಬಂದ. ದೊಡ್ಡ ಕಟ್ಟಡ, ದೊಡ್ಡ ಗೇಟು ಇರುವ ಕಾಲೇಜಿನಲ್ಲಿ ಓದಿದವನು. ಸಾಹುಕಾರರು ಕ್ಯಾಂಟೀನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ಕಿರಣಾ? ಅವನ್ನ ಮರಿಯೋದುಂಟೇನ್ರಿ!" ಎಂದಿತು ಫೋನು. "ನಾ ಬಾಗ್ಲಾ ತಗಿಯೋಕಿಂತ ಮೊದ್ಲಽ ಬಂದು ನಿಂತಿರ್ತಿದ್ದ. ನಾ ಬಾಗ್ಲಾ ಹಾಕೂಮುಂದ ಏಳ್ತಿದ್ದ. ಮೂರು ವರ್ಷ ಒಂದು ದಿನಾನೂ ತಪ್ಪಿಸಿಲ್ರಿ. ಪರೀಕ್ಷಾ ಇದ್ದಾಗೂ ಇಲ್ಲೇ ಇರ್ತಿದ್ದ, ಪುಣ್ಯಾತ್ಮ!"

ಸಾಹುಕಾರರ ಕಣ್ಣು ತುಂಬಿ ಬಂತು. "ಕೇಳಿದ್ರೇನು? ಹಾಜರಿ ಅಂದ್ರ ಇದು!" ಎಂದು ಹುಡುಗನ ಬೆನ್ನು ತಟ್ಟಿ, ಅಂದೇ ಕುರ್ಚಿಯಲ್ಲಿ ಕೂರಿಸಿದರು.

ಕಿರಣ ಕೆಟ್ಟವನಲ್ಲ. ಅವನು ಮ್ಯಾನೇಜರ್ ಆದ ಮೇಲೆ ನಮಗೆಲ್ಲ ಹೊತ್ತುಹೊತ್ತಿಗೆ ಚಹಾ ಬರುತ್ತಿತ್ತು, ಏಲಕ್ಕಿ ಹಾಕಿದ್ದು. ಉಳಿದದ್ದೇನೂ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಕಡುಬೇಸಿಗೆಯಲ್ಲಿ ದರ ಏರಿತು. ಒಬ್ಬ ದೊಡ್ಡ ವ್ಯಾಪಾರಿ ತನ್ನ ಮಾಲೆಲ್ಲ ತೆಗೆಸಿಡಿ, ನಾಲ್ಕು ದಿನ ಬಿಟ್ಟು ಲಾರಿ ತರುತ್ತೇನೆ ಎಂದ. ಕಿರಣ ಚೀಲಗಳನ್ನೆಲ್ಲ ಒಮ್ಮೆಗೇ ಅಂಗಳಕ್ಕೆ ಹೊರಿಸಿ, ತಾಡಪಾಲು ಹೊದಿಸತೊಡಗಿದ. ನೀಲಾಂಬಿಕೆ ಸ್ಟೂಲಿನಿಂದ ಎದ್ದು ಓಡಿಬಂದಳು.

"ಸರ, ಥಂಡಿ ಚೀಲ ಹಿಂಗ ಬಿಸಿಲಿಗೆ ತರಬಾರದ್ರಿ. ಬೆವರ್ತಾವು. ನಡುವಿನ ಕೋಣ್ಯಾಗ ಇಟ್ಟು, ಚಳಿ ಬಿಟ್ಟ ಮ್ಯಾಲೆ ಹೊರಗ ತರ್ರಿ. ಇಲ್ಲಂದ್ರ ಬೂಷ್ಟು ಹಿಡೀತೈತಿ."

"ಚೀಲ ಬೆವರ್ತಾವು?" ಎಂದು ಕಿರಣ ಹಮಾಲರ ಕಡೆ ನೋಡಿ ಕಣ್ಣು ಮಿಟುಕಿಸಿದ. "ಇದನ್ನ ಯಾವ ಕಾಲೇಜಿನ್ಯಾಗ ಹೇಳಿಕೊಟ್ರು ಅಕ್ಕಾರ? ನೀರಿನ ಟ್ಯಾಂಕ್ ಕಾಲೇಜಿನ್ಯಾಗೇನು?"

ಅವಳು ಸಾಹುಕಾರರ ಬಳಿಗೆ ಹೋದಳು. ಸಾಹುಕಾರರು ಕಣ್ಣೆತ್ತಿಯೂ ನೋಡಲಿಲ್ಲ. "ಕುರ್ಚಿ ಸಿಗಲಿಲ್ಲಂತ ಹೊಟ್ಟಿಕಿಚ್ಚು ಪಡಬಾರದವಾ. ಹೋಗು, ಚೀಲಾ ಬರ್ಕೋ," ಎಂದರು.

ಲಾರಿ ಬಂದ ದಿನ ಚೀಲ ಬಿಚ್ಚಿದರು. ಕೆಂಪಗೆ ಹೊಳೆಯಬೇಕಾದ ಮೆಣಸಿನಕಾಯಿ ಬೆವೆತು, ಮೆತ್ತಗಾಗಿ, ಬಿಳಿ ಬೂಷ್ಟು ಹಿಡಿದಿತ್ತು. ವ್ಯಾಪಾರಿ ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಅಂಗಳದ ವಾಸನೆಗೆ ನನ್ನ ಮೀಸೆ ಕೂಡ ಜೋತುಬಿತ್ತು.

ಸಾಹುಕಾರರು ಆ ರಾಶಿಯಿಂದ ಒಂದು ಕಾಯಿ ಎತ್ತಿ ಮೂಸಿ ನೋಡಿದರು. ಆಮೇಲೆ ನೀಲಾಂಬಿಕೆಯನ್ನು ಕರೆಸಿದರು. "ತಪ್ಪಾತವಾ. ನೀ ಏನು ಕಲ್ತೀ ಅಂತ ಕೇಳಲಿಲ್ಲ, ಎಲ್ಲಿ ಚಹಾ ಕುಡದೀ ಅಂತ ಕೇಳಿದೆ," ಎಂದು ಎಲ್ಲರೆದುರು ಕೈ ಮುಗಿದು, ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಹಮಾಲರು ಚಪ್ಪಾಳೆ ತಟ್ಟಿದರು.

ನೀತಿ: ಡಿಗ್ರಿ ಕಟ್ಟಡದಿಂದ ಬಂತೋ ಮೊಬೈಲಿನಿಂದ ಬಂತೋ ಎಂದು ಕೇಳುವುದು ಸುಲಭ. ಕಲಿತದ್ದು ತಲೆಗೆ ಹತ್ತಿದೆಯೇ ಎಂದು ನೋಡುವುದು ಕಷ್ಟ. ಒಬ್ಬ ಕಳ್ಳನಿಂದ ಮೋಸಹೋದೆನೆಂದು ಆ ಕಷ್ಟವನ್ನೇ ಬಿಟ್ಟುಬಿಡುವ ಯಜಮಾನನು ಮಾಲನ್ನೂ ಕಳೆದುಕೊಳ್ಳುತ್ತಾನೆ, ಮನುಷ್ಯರನ್ನೂ ಕಳೆದುಕೊಳ್ಳುತ್ತಾನೆ.

ಇನ್ನು, ಆಣೆ ಮಾಡಿದ್ದೇನಲ್ಲ, ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಒಂದೇ ಒಂದು ಸಣ್ಣ ವಿವರ ನಾನು ಕೈಯಿಂದ ಹಾಕಿದ್ದು. ಸಾಹುಕಾರರು ಅವಳನ್ನು ಕರೆಸಿದ್ದು ನಿಜ. ಕೈ ಮುಗಿಯಲಿಲ್ಲ. "ಅವಗ ಗೊತ್ತಿರಲಿಲ್ಲ, ನಿನಗ ಗೊತ್ತಿತ್ತು. ಗೊತ್ತಿದ್ದೂ ಯಾಕ ತಡೀಲಿಲ್ಲ?" ಎಂದು ಕೇಳಿ, ಅಂದೇ ಅವಳನ್ನು ಕೆಲಸದಿಂದ ತೆಗೆದರು. ಕುರ್ಚಿಯಲ್ಲಿ ಈಗಲೂ ಕಿರಣನೇ ಇದ್ದಾನೆ. ಉಳಿದದ್ದೆಲ್ಲ ನಿಜ.